ಹೊಗೆ ಎಣಿಸಿದ ಕಾರಭಾರಿ

ಮಘಾ ಮಳೆ ಹಿಡಿದ ಮೂರನೆಯ ದಿನ, ದನ ಹಟ್ಟಿಗೆ ಬರುವ ಹೊತ್ತಿಗೆ, ಹೊಳೆ ಊರೊಳಗೆ ಬಂತು.

ಯಾವ ಊರು? ಅದರ ಹೆಸರು ಹೊಳೆಯಲ್ಲೇ ಹೋಯಿತು. ಯಾವ ರಾಜ್ಯ? ಅದು ರಾಜನಿಗೇ ನೆನಪಿರಲಿಲ್ಲ, ನಮಗೇಕೆ? ಅಂಥದೊಂದು ರಾಜ್ಯದಲ್ಲಿ ಅಂಥದೊಂದು ಊರಿತ್ತು, ಅಷ್ಟೇ. ನೀವು ಹೂಂ ಅಂದರೆ ಕಥೆ ದಿಬ್ಬ ಹತ್ತುತ್ತದೆ. ಅನ್ನದಿದ್ದರೆ ನೀರಲ್ಲೇ ನಿಲ್ಲುತ್ತದೆ.

ಹೂಂ ಅಂದಿರಾ? ಸರಿ.

ಊರವರೆಲ್ಲ ಕೈಗೆ ಸಿಕ್ಕಿದ್ದನ್ನು ಹೊತ್ತು ದಿಬ್ಬ ಹತ್ತಿದರು. ಒಬ್ಬ ರೊಟ್ಟಿಯ ಹಂಚು ತಂದ. ಒಬ್ಬಳು ಕೋಳಿ ತಂದಳು. ಇನ್ನೊಬ್ಬ ಗಾಬರಿಯಲ್ಲಿ ಬಾಗಿಲ ಚಿಲಕ ಕಿತ್ತು ತಂದ. ಬಾಗಿಲು ಹೊಳೆಗೆ, ಚಿಲಕ ಇವನಿಗೆ. ಮುದುಕಿ ದುಂಡವ್ವ ತನ್ನ ಸೊಸೆಯನ್ನು ತಂದಳು.

ಸೊಸೆ ನಿಂಬೆವ್ವನಿಗೆ ದಿನ ತುಂಬಿತ್ತು. ದಿಬ್ಬದ ಮೇಲಿನ ಹೊಂಗೆಯ ಮರದ ಕೆಳಗೇ ಹಡೆದಳು. ಹೆಣ್ಣುಮಗು. ಸುತ್ತೋಣವೆಂದರೆ ಒಣಬಟ್ಟೆ ಎಲ್ಲಿದೆ? ತಾಯಿಯ ಸೀರೆ ಒದ್ದೆ, ಅಜ್ಜಿಯ ಸೆರಗು ಒದ್ದೆ, ಕೂರುವ ನೆಲ ಒದ್ದೆ. ದುಂಡವ್ವ ಮಗುವನ್ನು ಎದೆಗೆ ಅವಚಿಕೊಂಡು ಹೊಳೆಯ ಕಡೆ ನೋಡುತ್ತ ಕೂತಳು. ಅವಳಿಗೆ ಬೇಕಾದದ್ದು ಒಂದೇ. ಒಂದು ಒಣ ಕಂಬಳಿ.

ಆ ಊರಿಗೊಂದು ಪದ್ಧತಿಯಿತ್ತು. ನೀರು ಊರೊಳಗೆ ಬಂದರೆ ಎಲ್ಲರಿಗೂ ಒಂದೇ ಒಲೆ. ಯಾರ ಮನೆಯ ನುಚ್ಚು, ಯಾರ ಮನೆಯ ಉಪ್ಪು ಎಂದು ಯಾರೂ ಕೇಳುವಂತಿಲ್ಲ. ಮೂರು ಕಲ್ಲಿಟ್ಟು ಒಲೆ ಹೂಡಿದರು. ಅಂಬಲಿ ಕುದಿಯಿತು, ಹೊಗೆ ಎದ್ದಿತು.

ಅತ್ತ ರಾಜ ಸುಮ್ಮನಿದ್ದನೇ? ಛೇ, ಎಲ್ಲಾದರೂ ಉಂಟೆ! ಏಳನೆಯ ಉಪ್ಪರಿಗೆಯಲ್ಲಿ ನಿಂತು ಮೂರು ಸಲ ನಿಟ್ಟುಸಿರು ಬಿಟ್ಟ. ಒಂದೊಂದು ನಿಟ್ಟುಸಿರಿಗೂ ಆಸ್ಥಾನದಲ್ಲಿ ಅವನಿಗೆ ಒಂದೊಂದು ಸನ್ಮಾನವಾಯಿತು. ಆಮೇಲೆ, "ಕಂಬಳಿ ಕಳಿಸಿ, ಜೋಳ ಕಳಿಸಿ, ಒಣ ಸೌದೆ ಕಳಿಸಿ" ಎಂದ. ಕಂಬಳಿ ಬರೀ ಕಂಬಳಿಯಾದರೆ ಕೊಟ್ಟವರು ಯಾರೆಂದು ತಿಳಿಯಬೇಡವೇ? ಪ್ರತಿಯೊಂದರ ಮೇಲೂ ರಾಜನ ಮುಖ ನೇಯಿಸಿದರು, ಮೀಸೆ ಸಮೇತ. ಮೀಸೆ ನೇಯ್ದು ಮುಗಿಯುವಷ್ಟರಲ್ಲಿ ಹೊಳೆ ಇನ್ನೊಂದು ಓಣಿ ನುಂಗಿತು.

ಹೀಗೆ ತುಂಬಿದ ದೋಣಿಯ ಮೇಲೆ ಕಾರಭಾರಿ ರಾಚೋಟಪ್ಪ ಕೂತು ಬಂದ. ಕಾಲಲ್ಲಿ ಹೊಸ ಕೆಂಪು ಜೋಡು. ಇಳಿದರೆ ಕೆಸರಾಗುತ್ತದೆ. ದೋಣಿಯಲ್ಲೇ ನಿಂತು, ಹುಬ್ಬಿಗೆ ಕೈ ಅಡ್ಡ ಹಿಡಿದು, ದಿಬ್ಬ ನೋಡಿದ.

"ಒಂದು ಹೊಗಿ. ಅಂದಮ್ಯಾಲೆ ಒಂದು ಒಲಿ. ಅಂದಮ್ಯಾಲೆ ಒಂದು ಮನಿ" ಅಂದ.

ದುಂಡವ್ವ ನೀರಿನ ಅಂಚಿಗೆ ಓಡಿ ಬಂದಳು. "ಧಣ್ಯಾರ, ನಲವತ್ಮೂರು ಮನಿ ಮಂದಿ ಅದೀವ್ರಿ! ಎಲ್ಲಾರೂ ಕೂಡಿ ಒಂದ ಒಲಿ ಮ್ಯಾಲೆ ಕುದಿಸಿಕೊಂಡೀವಿ."

"ಕೂಡಿ ಕುದಿಸಂತ ಯಾರು ಹೇಳಿದ್ರು? ಕಂದಾಯ ಎತ್ತೂದು ಒಲಿ ನೋಡಿ, ಪರಿಹಾರ ಕೊಡೂದೂ ಒಲಿ ನೋಡಿ. ರಾಜರ ಅಜ್ಜನ ಕಾಲದ ಕಾಯ್ದೆ. ಒಂದು ಮನಿ ಸಲುವಾಗಿ ಇಷ್ಟು ದೊಡ್ಡ ದೋಣಿ ಹೇರು ಬಿಚ್ಚಾಕ ಆಗ್ತದೇನು?"

"ಒಂದ ಮನಿ ಅಂತನ ತಿಳೀರಿ. ಒಂದು ಕಂಬಳಿ ಒಗೀರಿ. ಕೂಸಿಗೆ."

"ಅವಸರ ಮಾಡಬ್ಯಾಡ ಮುದುಕಿ. ಮೊದಲು ಎಣಿಕಿ, ಆಮ್ಯಾಲೆ ಹಂಚಿಕಿ."

ದೋಣಿ ತಿರುಗಿತು. ಮಗು ಜೋರಾಗಿ ಅಳುತ್ತಿತ್ತು.

ಊರವರು ಯೋಚಿಸಿದರು. ಒಲೆಗೊಂದು ಮನೆಯಂತೆ. ಹಾಗಾದರೆ ಮನೆಗೊಂದು ಒಲೆ ಹೂಡಿದರಾಯಿತು! ಇದ್ದ ಪುಳ್ಳೆಯನ್ನೆಲ್ಲ ಹಂಚಿಕೊಂಡರು. ಒಬ್ಬರ ಒಲೆಯಲ್ಲೂ ಅಂಬಲಿ ಬಿಸಿಯಾಗಲಿಲ್ಲ, ಹೊಗೆ ಮಾತ್ರ ಭರ್ಜರಿಯಾಗಿ ಎದ್ದಿತು. ದಿಬ್ಬ ಇಟ್ಟಿಗೆಯ ಗೂಡಿನ ಹಾಗೆ ಕಂಡಿತು. ಎಲ್ಲರೂ ಕೆಮ್ಮುತ್ತ, ಕಣ್ಣುಜ್ಜುತ್ತ ಕಾರಭಾರಿಯ ದಾರಿ ಕಾದರು.

ಎರಡನೆಯ ಸಲ ದೋಣಿ ಬಂತು. ರಾಚೋಟಪ್ಪ ಹುಬ್ಬಿಗೆ ಕೈ ಹಿಡಿದ. ಮುಖ ಅರಳಿತು.

"ಆಹಾ! ಎಷ್ಟು ಒಲಿ, ಎಷ್ಟು ಅಡಿಗಿ! ಇಷ್ಟು ಮಂದಿ ಉಣ್ಣಾಕ ಕುಂತಾಗ ನಡುವ ಪರಿಹಾರ ಅಂತ ಬಂದ್ರ ಅವಮಾನ ಮಾಡಿದಂಗ ಆಗ್ತದ."

"ಧಣ್ಯಾರ, ಇದು ಬರೀ ಹೊಗಿರಿ! ಗಡಿಗಿಯೊಳಗ ಇಣುಕಿ ನೋಡ ಬರ್ರಿ!" ಎಂದು ದುಂಡವ್ವ ಕೂಗಿದಳು.

ರಾಚೋಟಪ್ಪ ಜೋಡು ನೋಡಿಕೊಂಡ. ಕೆಸರು ನೋಡಿದ. "ಕಾಯ್ದೆದಾಗ ಹೊಗಿ ಐತಿ, ಗಡಿಗಿ ಇಲ್ಲ. ಪರಿಹಾರ ಒಲಿ ಆರಿದವರಿಗೆ" ಅಂದ.

ದೋಣಿ ತಿರುಗಿತು. ಈಗ ಮಗು ಸಣ್ಣ ದನಿಯಲ್ಲಿ ಅಳುತ್ತಿತ್ತು.

ಮತ್ತೆ ಯೋಚಿಸಿದರು. ಒಲೆ ಆರಿದವರಿಗೆ ಕೊಡುತ್ತಾರಂತೆ! ಸರಿ, ಎಲ್ಲ ಒಲೆಗೂ ನೀರು ಹೊಯ್ದರು. ನೀರಿಗೇನು ಬರವಿರಲಿಲ್ಲ.

ಮೂರನೆಯ ಸಲ ದೋಣಿ ಬಂತು. ರಾಚೋಟಪ್ಪ ಹುಬ್ಬಿಗೆ ಕೈ ಹಿಡಿದ. ಎಡಕ್ಕೆ ನೋಡಿದ, ಬಲಕ್ಕೆ ನೋಡಿದ. ಎದುರಿಗೆ ಇನ್ನೂರು ಮಂದಿ ನಿಂತಿದ್ದರು. ಅವರ ತಲೆಯ ಮೇಲೆ ಕಣ್ಣು ಹಾಯಿಸಿ ಆಕಾಶ ನೋಡಿದ.

"ಹೊಗಿ ಇಲ್ಲ. ಅಂದಮ್ಯಾಲೆ ಒಲಿ ಇಲ್ಲ. ಅಂದಮ್ಯಾಲೆ ಮನಿ ಇಲ್ಲ. ಈ ದಿಬ್ಬದ ಮ್ಯಾಲೆ ಯಾರೂ ಇಲ್ಲ" ಅಂದ. ಅಂಬಿಗನ ಕಡೆ ತಿರುಗಿ, "ಹುಸೇನಿ, ದೋಣಿ ತಿರುಗಿಸು" ಅಂದ.

ಮಗು ಈಗ ಅಳುತ್ತಿರಲಿಲ್ಲ. ದುಂಡವ್ವ ಅದರ ಪಾದ ಮುಟ್ಟಿದಳು. ಹೊಳೆಯ ಕಲ್ಲಿನಷ್ಟು ತಣ್ಣಗಿತ್ತು. ಮೂಗಿನ ಹತ್ತಿರ ಬೆರಳು ಹಿಡಿದಳು. ಉಸಿರಿತ್ತು. ಮಗುವನ್ನು ಸೊಸೆಯ ಮಡಿಲಿಗೆ ಹಾಕಿ ಎದ್ದಳು.

"ಧಣ್ಯಾರ, ಇನ್ನೊಮ್ಮೆ ಹೇಳ್ರಿ. ಇಲ್ಲಿ ಯಾರೂ ಇಲ್ಲೇನ್ರಿ?"

"ಯಾರೂ ಇಲ್ಲ."

"ಖರೇನ?"

"ಕಾಯ್ದೆ ಪ್ರಕಾರ ಖರೆ."

"ನಾನೂ ಇಲ್ಲ?"

"ನೀನಂತೂ ಇಲ್ಲವೇ ಇಲ್ಲ!"

"ಹಂಗಾದ್ರ ಚಲೋ ಆತು" ಎಂದಳು ದುಂಡವ್ವ. ಸೀರೆ ಎತ್ತಿ ಕಟ್ಟಿ, ಸೊಂಟಮಟ್ಟದ ನೀರಿಗೆ ಇಳಿದು, ದೋಣಿಯ ಅಂಚು ಹಿಡಿದು, ಮೇಲಿದ್ದ ಒಂದು ಕಂಬಳಿ ಎಳೆದು ತಲೆಯ ಮೇಲಿಟ್ಟುಕೊಂಡಳು.

"ಏ! ಏ! ಯಾರು ಅದು? ಕಂಬಳಿ ಯಾರು ಒಯ್ಯಾಕತ್ತೀರಿ?"

"ಯಾರೂ ಇಲ್ರಿ ಧಣ್ಯಾರ. ನೀವ ಹೇಳಿದ್ರಲ್ಲ."

ದಿಬ್ಬದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕೇಳಿ, ಇದಕ್ಕೆ ಬಹಳ ಯೋಚನೆ ಬೇಕಾಗಲಿಲ್ಲ. ಚಿಲಕ ತಂದವನೂ ಇಳಿದ, ಕೋಳಿ ತಂದವಳೂ ಇಳಿದಳು, ಹಂಚು ತಂದವನೂ ಇಳಿದ. ಕೈಯಿಂದ ಕೈಗೆ ಕಂಬಳಿ ದಾಟಿದವು, ಜೋಳದ ಚೀಲ ದಾಟಿದವು, ಸೌದೆಯ ಹೊರೆ ದಾಟಿದವು.

"ಹುಸೇನಿ! ತಡಿಯೋ ಅವರನ್ನ!"

ಅಂಬಿಗ ಹುಸೇನಿ ಹುಬ್ಬಿಗೆ ಕೈ ಅಡ್ಡ ಹಿಡಿದು ಎಡಕ್ಕೆ ನೋಡಿದ, ಬಲಕ್ಕೆ ನೋಡಿದ. "ಯಾರನ್ನ ತಡೀಲ್ರಿ ಧಣ್ಯಾರ? ಹೊಗಿನ ಕಾಣವಲ್ದು" ಅಂದ.

ಇಳಿದು ಬಂದು ಹಿಡಿಯಬಹುದಿತ್ತಲ್ಲ ಕಾರಭಾರಿ? ಹಿಡಿಯಬಹುದಿತ್ತು. ಆದರೆ ಜೋಡು ಹೊಸದು.

ಅರಮನೆಯಲ್ಲಿ ರಾಜ ಕೇಳಿದ, "ರಾಚೋಟಪ್ಪ, ಕಂಬಳಿ ಹಂಚಿದೆಯಾ?"

"ಹಗುರಾದ ದೋಣಿಯೇ ಸಾಕ್ಷಿ, ಪ್ರಭು."

"ದಿಬ್ಬದ ಮೇಲೆ ಸಂತ್ರಸ್ತರು ಎಷ್ಟು ಉಳಿದಿದ್ದಾರೆ?"

"ಯಾರೂ ಇಲ್ಲ, ಪ್ರಭು."

ರಾಜನಿಗೆ ಕಣ್ಣು ತುಂಬಿ ಬಂತು. ಇಷ್ಟು ಚೊಕ್ಕವಾದ ಪರಿಹಾರ ಯಾವ ರಾಜ್ಯದಲ್ಲಿ ನಡೆದಿತ್ತು? ಕಾರಭಾರಿಗೆ ಶಾಲು ಹೊದಿಸಿದ. ಒಣ ಶಾಲು.

ದಿಬ್ಬದ ಮೇಲೆ ಮಗು ಕಂಬಳಿಯೊಳಗೆ ಬೆಚ್ಚಗಾಯಿತು. ಬೆಚ್ಚಗಾದ ಮಗು ಮೊದಲು ಮಾಡುವ ಕೆಲಸವನ್ನೇ ಮಾಡಿತು, ಸರಿಯಾಗಿ ರಾಜನ ಮೀಸೆಯ ಮೇಲೆ. ಆಮೇಲೆ ಬಾಯಿ ತೆರೆದು, ಆಚೆ ದಡಕ್ಕೂ ಕೇಳುವಂತೆ ಅತ್ತಿತು. ದುಂಡವ್ವ ನಕ್ಕಳು.

ಸಂಜೆ ಒಲೆ ಹೊತ್ತಿಸಿದರು. ಈಗ ಮನೆಗೊಂದು ಒಲೆ ಹೂಡುವಷ್ಟು ಒಣ ಸೌದೆಯಿತ್ತು, ಎಣಿಸುವವರು ಯಾರೂ ಇರಲಿಲ್ಲ.

ಹೊಳೆ ಇಳಿಯಿತು, ಕಥೆ ದಡ ಸೇರಿತು. ಹೂಂ ಅಂದವರು ಮನೆಗೆ ಹೋಗಿ ಕಾಲು ಒರೆಸಿಕೊಳ್ಳಿ.

ಮನೆ ನಲವತ್ತಮೂರು. ಒಲೆ ಒಂದು.