ಚೂರಾದ ಕೆಂಪು ಶಾಲು

ನಾನು ಕೆಲಸ ಮಾಡುವ ಟೈಲರ್ ಅಂಗಡಿಗೆ ನಿನ್ನೆ ಗಂಡ ಹೆಂಡತಿ ಬಂದರು. ಇಬ್ಬರ ಕೈಮೇಲೂ ಮುಳ್ಳು ತರಚಿದ ಗೀರುಗಳಿದ್ದವು. ಆಕೆ ಕೆಂಪು ಶಾಲಿನ ಚೂರುಗಳನ್ನು ಮೇಜಿನ ಮೇಲೆ ಸುರಿದಳು. ನಾನು ತಲೆ ತಗ್ಗಿಸಿ ಗುಂಡಿ ಹೊಲಿಯುತ್ತಾ ಕೂತೆ.

“ಚಳಿ ಅಂತ ಕೇಳಿದ್ರಿ, ಕೊಟ್ಟೆ. ನಮ್ಮಮ್ಮನ ಶಾಲು ಕಣ್ರೀ ಇದು!”

“ದಾರಿ ಬಿಟ್ಟು ಕಾಡೊಳಗೆ ಬೆಟ್ಟ ಹತ್ತುವಾಗ ಗುರುತು ಬೇಡ್ವಾ? ಅದಕ್ಕೇ ಕತ್ತರಿಸಿ ಗಿಡಗಳಿಗೆ ಕಟ್ಟಿದೆ.”

“ದಾರಿ ಬಿಟ್ಟು ಹತ್ತಿ ಅಂತ ನಮ್ಮಪ್ಪ ಹೇಳಿದ್ರಾ? ನನ್ನ ಕೇಳಿ ಕತ್ತರಿಸಿದ್ರಾ?”

“ನೀನು ಕೇಳಿ ಬಿಚ್ಚಿದ್ಯಾ? ತುದಿಯಿಂದ ಇಳಿಯೋಕೆ ಹೊರಟ್ರೆ ಒಂದು ಗುರುತೂ ಇಲ್ಲ! ಕತ್ತಲಾಗೋವರೆಗೂ ಅಲೆದ್ವಿ.”

“ಅಮ್ಮನ ಶಾಲು ಮುಳ್ಳಲ್ಲಿ ನೇತಾಡ್ತಿದ್ರೆ ಬಿಟ್ಟು ಬರ್ಲಾ?”

“ಒಂದು ಮಾತು ಹೇಳಬಾರದಿತ್ತಾ?”

“ಕೂಗಿದೆ. ‘ಬೇಗ ಬಾ’ ಅಂದ್ರಿ. ತುದಿ ಮುಟ್ಟೋವರೆಗೂ ಒಂದೇ ಒಂದು ಸಲ ಹಿಂದೆ ತಿರುಗಿ ನೋಡಿದ್ರಾ ನೀವು?”

ನಮ್ಮ ಅಂಗಡಿ ಯಜಮಾನರು ಚೂರುಗಳನ್ನು ಜೋಡಿಸಿ ನೋಡಿದರು. “ಹೊಲಿಗೆ ಎದ್ದು ಕಾಣುತ್ತಮ್ಮಾ.”

“ಕಾಣಲಿ.”

ಆತ ಮೊದಲು ಹೊರಟ. ಬೀದಿಯ ತಿರುವಿನಲ್ಲಿ ನಿಂತು ಹಿಂದೆ ತಿರುಗಿ ನೋಡಿದ. ಆಕೆ ಆಗಲೇ ಇನ್ನೊಂದು ದಿಕ್ಕಿಗೆ ನಡೆದಿದ್ದಳು.