ಮೂರು ಗಿಡ್ಡ ಸೈರನ್

ಎಲ್ಲರೂ ಟೈಮಪ್ಪ ಎಂದು ಕರೆಯುವ ನಾನು, ವಯಸ್ಸು 68, ಮುಚ್ಚಿಹೋದ ಗಾಜಿನ ಬಾಟಲಿ ಕಾರ್ಖಾನೆಯಲ್ಲಿ ಇಪ್ಪತ್ತಾರು ವರ್ಷ ಟೈಮ್ ಕೀಪರ್ ಆಗಿದ್ದವನು, ಪತ್ನಿ ತೀರಿಕೊಂಡು ಐದು ವರ್ಷ, ವಾಸ ಕಾರ್ಖಾನೆ ಲೈನಿನ ಹದಿನಾಲ್ಕನೇ ಮನೆ, ಜೊತೆಯಲ್ಲಿ 24 ವರ್ಷದ ಮಗ, ಠಾಣೆಯ ಬೆಂಚಿನ ಮೇಲೆ ಕೂತು ಸ್ವಂತ ಕೈಯಿಂದ ಬರೆದು ತಿಳಿಸುವುದೇನೆಂದರೆ:

ಅಪ್ಪಣೆಯಿಲ್ಲದೆ ಅಪಾಯದ ಸೈರನ್ ಏಕೆ ಕೂಗಿಸಿದಿರಿ, ಕಲ್ಲು ಹೊಡೆದವರನ್ನು ನೋಡಿದಿರಾ, ಇವೆರಡಕ್ಕೇ ಉತ್ತರ ಬರೆಯಿರಿ, ಪುರಾಣ ಬೇಡ ಎಂದು ರೈಟರ್ ಸಾಹೇಬರು ಹೇಳಿದ್ದಾರೆ. ನಾನು ಎರಡು ವರ್ಷ ಕಾಲೇಜು ಓದಿದವನು. ಕಾಸ್ ಅಂಡ್ ಎಫೆಕ್ಟ್ ಎಂದು ಲೆಕ್ಚರರು ಹೇಳಿಕೊಟ್ಟಿದ್ದರಲ್ಲಿ ಕಾಸ್, ಅಂದರೆ ಕಾರಣ, ಮೊದಲು ಬರುತ್ತದೆ. ಆದ್ದರಿಂದ ಮೊದಲಿನಿಂದ ಬರೆಯುತ್ತೇನೆ. ಮಗ ನನ್ನ ಜೊತೆಗೆ ಬಂದು ಇದೇ ಬೆಂಚಿನ ಇನ್ನೊಂದು ತುದಿಯಲ್ಲಿ ಕೂತಿದ್ದಾನೆ.

ನಿನ್ನೆ ಗುರುವಾರ ಬೆಳಿಗ್ಗೆ 10.15ಕ್ಕೆ ನಾನು ಮಗನ ನೀಲಿ ಚೌಕಳಿ ಶರ್ಟಿಗೆ ಇಸ್ತ್ರಿ ಹಾಕುತ್ತಿದ್ದಾಗ ನಮ್ಮೂರ ಪಕ್ಷದ ಮುಖಂಡರ ಕಡೆಯವನೊಬ್ಬ ಮನೆಗೆ ಬಂದನು. ಸಂಜೆ ಕಾರ್ಖಾನೆ ಗೇಟಿನ ಮುಂದೆ ಭಾಷಣ ಇದೆ ಯಜಮಾನ್ರೇ, ನಿಮ್ಮ ಹಳೇ ಸೈರನ್ ಒಂದ್ಸಲ ಕೂಗಿಸಿಬಿಡಿ, ಜನಕ್ಕೆ ಕರುಳು ಚುರ್ ಅನ್ಬೇಕು ಎಂದನು. ಕೈಯಿಂದ ತಿರುಗಿಸುವ ಆ ಸೈರನ್ ಗೇಟಿನ ಪಕ್ಕದ ಟೈಮ್ ಆಫೀಸಿನ ಕಿಟಕಿಯಲ್ಲಿದೆ. ಕಾರ್ಖಾನೆ ಮುಚ್ಚಿ ಹನ್ನೆರಡು ವರ್ಷವಾದರೂ ಪ್ರತಿ ಭಾನುವಾರ ಹೋಗಿ ಎಣ್ಣೆ ಬಿಡುತ್ತೇನೆ. ನನ್ನ ಹೆಂಡತಿ ಅದರ ಸದ್ದು ಕೇಳಿಯೇ ಒಲೆ ಹಚ್ಚುತ್ತಿದ್ದಳು. ಕೇಳಿಕೊಂಡು ಬಂದವರು ಒಬ್ಬರಾದರೂ ಸಿಕ್ಕರಲ್ಲ ಎಂದು ಹಿಗ್ಗಿ ಒಪ್ಪಿಕೊಂಡೆ. ಅಪ್ಪಾ, ಅಂತೂ ನಿಂಗೆ ಡ್ಯೂಟಿ ಸಿಕ್ತು ಬಿಡು ಎಂದು ಮಗ ನಕ್ಕನು. ಅವನಿಗೆ ಇದುವರೆಗೂ ಸಿಕ್ಕಿಲ್ಲ.

4.30ಕ್ಕೆ ಒಂದು ಉದ್ದ ಸೈರನ್ ಕೂಗಿಸಿದೆ. ಅದರ ಅರ್ಥ ಕೆಲಸ ಶುರು ಎಂದು. ಲೈನಿನ ಮನೆಗಳಿಂದ ಜನ ಬಂದರು. ನನ್ನ ಹೆಂಡತಿಯ ಅಣ್ಣ, ಫಿಟ್ಟರ್ ಆಗಿದ್ದವರು, ಖಾಲಿ ಊಟದ ಡಬ್ಬಿ ಹಿಡಿದುಕೊಂಡೇ ಬಂದು, ಕೈ ತಾನಾಗೇ ಎತ್ಕೊಂಡ್ಬಿಡ್ತು ಭಾವ ಎಂದು ನಾಚಿಕೊಂಡರು.

4.45ಕ್ಕೆ ಭಾಷಣ ಆರಂಭವಾಯಿತು. ನಿಮ್ಮ ಅನ್ನ ಕಿತ್ಕೊಂಡೋರು ಯಾರು ಅಂತ ಕೇಳ್ತೀರಲ್ಲ, ಅಲ್ನೋಡಿ ಎಂದು ಮುಖಂಡರು ರಸ್ತೆಯಾಚೆಯ ಶೆಡ್ಡಿನ ಕಡೆ ಕೈ ತೋರಿಸಿದರು. ಅದು ಪ್ಲಾಸ್ಟಿಕ್ ಬಾಟಲಿಗೆ ಲೇಬಲ್ ಅಂಟಿಸುವ ಶೆಡ್ಡು. ಬೇರೆ ಕಡೆಯಿಂದ ಬಂದ ಮೂವತ್ತು ಜನ ಅಲ್ಲಿ ದುಡಿಯುತ್ತಾರೆ, ಹೆಚ್ಚಿನವರು ಹೆಂಗಸರು. ಗೇಟಿನಿಂದ ಶೆಡ್ಡಿಗೆ ನನ್ನ ಹೆಜ್ಜೆಯಲ್ಲಿ ಎಂಬತ್ತು. ಇಲ್ಲಿ ಒಂದು ವಿಷಯ ಬರೆಯಲೇಬೇಕು. ಕಾರ್ಖಾನೆ ಮುಚ್ಚಲು ಸಹಿ ಹಾಕಿದ ಮಂತ್ರಿ ಇದೇ ಮುಖಂಡರು. ಅಂದು ಇದೇ ಗೇಟಿನಲ್ಲಿ ನನ್ನ ಸ್ಟೂಲಿನ ಮೇಲೆ ನಿಂತು, ಆರೇ ತಿಂಗಳು, ಮತ್ತೆ ಶುರು ಮಾಡಿಸ್ತೀನಿ ಎಂದಿದ್ದರು. ಸ್ಟೂಲು ಈಗಲೂ ಟೈಮ್ ಆಫೀಸಿನಲ್ಲಿದೆ. ಶೆಡ್ಡಿನ ಉದ್ಘಾಟನೆಯ ಕಲ್ಲಿನ ಮೇಲೂ ಅವರದೇ ಹೆಸರಿದೆ. ಇದು ನನಗೆ ಗೊತ್ತಿತ್ತು, ಫಿಟ್ಟರ್ ಭಾವನಿಗೆ ಗೊತ್ತಿತ್ತು, ಚಪ್ಪಾಳೆ ತಟ್ಟಿದ ಹಳಬರಿಗೆಲ್ಲ ಗೊತ್ತಿತ್ತು. ನಾನೂ ತಟ್ಟಿದೆ.

5.20ಕ್ಕೆ ಜನ ಕಾಂಪೌಂಡಿನ ಮುರಿದ ಗೋಡೆಯಿಂದ ಇಟ್ಟಿಗೆ, ಕಲ್ಲು ಎತ್ತಿಕೊಂಡು ಶೆಡ್ಡಿನ ಕಡೆ ಹೊರಟರು. ಶೆಡ್ಡಿನವರು ಒಳಗಿನಿಂದ ಶಟರ್ ಎಳೆದುಕೊಂಡರು. ಫಿಟ್ಟರ್ ಭಾವನ ಒಂದು ಕೈಯಲ್ಲಿ ಡಬ್ಬಿ, ಇನ್ನೊಂದರಲ್ಲಿ ಇಟ್ಟಿಗೆ. ನಮ್ಮಲ್ಲಿ ಮೂರು ಗಿಡ್ಡ ಸೈರನ್ ಎಂದರೆ ಅಪಾಯ. ಕೈಯಲ್ಲಿದ್ದದ್ದನ್ನು ಅಲ್ಲೇ ಬಿಟ್ಟು ಗೇಟಿಗೆ ಬಂದು, ಅವರವರ ವಿಭಾಗದ ಸಾಲಿನಲ್ಲಿ ನಿಂತು ಹಾಜರಿ ಹೇಳಬೇಕು. ಪ್ರತಿ ತಿಂಗಳೂ ಅಭ್ಯಾಸ ಮಾಡಿಸುತ್ತಿದ್ದವನು ನಾನೇ. 5.23ಕ್ಕೆ ಕೂಗಿಸಿದೆ.

ಹಳಬರು ನಿಂತಲ್ಲೇ ನಿಂತರು. ಇಟ್ಟಿಗೆಗಳು ಬಿದ್ದವು. ಅರವತ್ತೊಂದು ಮಂದಿ ಹಿಂದಿರುಗಿ ಕುಲುಮೆ, ಫಿಟ್ಟಿಂಗ್, ಪ್ಯಾಕಿಂಗ್ ಎಂದು ಸಾಲು ಕಟ್ಟಿದರು. ನಾನು ಕರೆಯುವ ಮೊದಲೇ ಫಿಟ್ಟರ್ ಭಾವ ಹಾಜರ್ ಎಂದರು. ಎಲ್ಲ ಸರಿಹೋಯಿತೆಂದು ಇನ್ ಗುಡ್ ಫೇತ್ ನಂಬಿದೆ. ಮುಖಂಡರ ಕಾರು 5.24ಕ್ಕೆ ಹೊರಟುಹೋಯಿತು.

ಎರಡು ಸಂಗತಿ ನನಗೆ ಹೊಳೆದಿರಲಿಲ್ಲ. ಕಾರ್ಖಾನೆ ಮುಚ್ಚಿದಾಗ ನಮ್ಮ ಮಕ್ಕಳು ಶಾಲೆಯಲ್ಲಿದ್ದರು. ಮೂರು ಗಿಡ್ಡದ ಅರ್ಥ ಅವರಿಗೆ ಯಾರೂ ಕಲಿಸಿರಲಿಲ್ಲ. ಸುಮಾರು ಇಪ್ಪತ್ತು ಹುಡುಗರು ರಸ್ತೆಯಲ್ಲೇ ಉಳಿದರು. ಇನ್ನೊಂದು, ಶೆಡ್ಡಿನ ಒಳಗಿದ್ದವರೂ ಕೆಲಸಗಾರರೇ. ಸೈರನ್ ಕೂಗಿದರೆ ಹೊರಗೆ ಬರಬೇಕೆಂದು ಅವರಿಗೂ ಯಾರೋ ಕಲಿಸಿದ್ದರು. 5.25ಕ್ಕೆ ಶಟರ್ ಮೇಲೆದ್ದಿತು. ಒಬ್ಬರ ಹಿಂದೊಬ್ಬರು ಬರಿಗೈಯಲ್ಲಿ ಹೊರಗೆ ಬಂದರು. ಮುಂದಿದ್ದ ಹೆಂಗಸು ಎದುರಿಗಿದ್ದ ಹುಡುಗರನ್ನೇ, ಏನಾಯ್ತಣ್ಣಾ, ಬೆಂಕಿ ಎಲ್ಲಿ ಎಂದು ಕೇಳಿದಳು. ಕಲ್ಲು ಅವಳ ಎಡಗಣ್ಣಿಗೆ ಬಿತ್ತು. ಶಟರ್ ಗಟ್ಟಿಯಾಗಿತ್ತು. ನಾನು ಕೂಗಿಸದಿದ್ದರೆ ಅದು ಏಳುತ್ತಿರಲಿಲ್ಲ.

ಹೊಡೆದವನನ್ನು ನೋಡಿದೆ. ಕಿಟಕಿಯಿಂದ ಸುಮಾರು ಅರವತ್ತು ಮೀಟರ್, ಬೆಳಕು ಚೆನ್ನಾಗಿತ್ತು. ನೀಲಿ ಚೌಕಳಿ ಶರ್ಟು. ಉಳಿದವರು ಓಡಿದರು. ಅವನು ಓಡದೆ, ಎಂಬತ್ತು ಹೆಜ್ಜೆ ನಡೆದು ಗೇಟಿಗೆ ಬಂದು ಮೂರು ಸಾಲುಗಳನ್ನೂ ನೋಡಿದನು. ಕಾಲರಿನ ಮಡಿಕೆ ಇನ್ನೂ ಕೆಟ್ಟಿರಲಿಲ್ಲ. ಅಪ್ಪಾ, ನಾನು ಯಾವ ಸಾಲಲ್ಲಿ ನಿಲ್ಲಲಿ ಎಂದು ಕೇಳಿದನು.

ಕಣ್ಣು ಉಳಿಯುವುದು ಕಷ್ಟ ಎಂದು ಆಸ್ಪತ್ರೆಯವರು ಬೆಳಿಗ್ಗೆ ಹೇಳಿದರು. ರೈಟರ್ ಸಾಹೇಬರು ಈ ಹಾಳೆ ಓದುವಾಗ ಮಗ ಬೆಂಚಿನಲ್ಲೇ ಇರುತ್ತಾನೆ. ಅವನ ಮೇಲೆ ಕೈ ಮಾಡಬೇಡಿ. ಕೊನೆಯದಾಗಿ, 5.23ರ ಸೈರನಿಗೆ ಅಪ್ಪಣೆ ಇರಲಿಲ್ಲ, ಒಪ್ಪುತ್ತೇನೆ. 4.30ರ ಸೈರನಿಗೂ ಇರಲಿಲ್ಲ. ಅದನ್ನು ಕೂಗಿಸಲು ಹೇಳಿ ಕಳಿಸಿದವರು ಯಾರು ಎಂದು ನನ್ನನ್ನು ಇದುವರೆಗೆ ಯಾರೂ ಕೇಳಿಲ್ಲ.

ಎರಡು ಸಲ ಓದಿ ನೋಡಿದ್ದೇನೆ. ಬರೆದದ್ದೆಲ್ಲ ನಡೆದದ್ದೇ, ಶರ್ಟಿನ ಬಣ್ಣವೂ ಸೇರಿದಂತೆ.

ಸ್ಥಳ: ಠಾಣೆ
ಶುಕ್ರವಾರ, ಬೆಳಿಗ್ಗೆ 11.40
ಸಹಿ: ಟೈಮಪ್ಪ, ಟೈಮ್ ಕೀಪರ್