ಎಕ್ಸ್‌ರೇಗೆ ಹೋದ ಬಿಲ್ಲೆ

ಕುಂದಾಪುರದ ಆಸ್ಪತ್ರೆಯಲ್ಲಿ ಎಕ್ಸ್‌ರೇ ಕೋಣೆಯ ಹೊರಗೆ ಕುಳಿತಿದ್ದ ಶಾಂಭವಿ ತನ್ನ ಚೀಟಿಯನ್ನು ನಾಲ್ಕನೇ ಸಲ ಓದುತ್ತಿದ್ದಳು. ಪಕ್ಕದ ಬೆಂಚಿನಲ್ಲಿ ಬಿಜೂರಿನ ಗಂಡಹೆಂಡತಿ ತಗ್ಗಿದ ದನಿಯಲ್ಲಿ ಜಗಳವಾಡುತ್ತಿದ್ದರು. ಅಣುಸ್ಥಾವರದ ವಿಕಿರಣ ಅಳೆಯುವವರು ಅವರ ಮನೆಯ ಸೂರಿಗೆ ಮೂರು ತಿಂಗಳಿಗೆಂದು, ತಾಗಿದ ವಿಕಿರಣದ ಲೆಕ್ಕ ಇಡುವ ಒಂದು ಬಿಲ್ಲೆ ತೂಗುಹಾಕಿದ್ದರಂತೆ.

"ಅದನ್ನ ಬಿಚ್ಚಿ ಹೋದ್ ಸಲ ಎಕ್ಸ್‌ರೇಗೆ ಎಂತಕ್ಕೆ ತಂದದ್ದ್ ನೀವ್?"

"ನನ್ನೊಳಗೆ ಎಷ್ಟ್ ಹೋತ್ತ್ ಅಂತ ಗೊತ್ತಾತ್ತಲ್ದಾ."

"ಗೊತ್ತಾಯ್ತಲ್ದಾ. ಸ್ಥಾವರದ ಗೇಟ್ ಹತ್ರವೂ ಅಷ್ಟ್ ವಿಕಿರಣ ಇಲ್ಲಂಬ್ರ್. ನಮ್ಮೂರ್ ದೂರ, ಎಂತದೂ ಇಪ್ಪುದಿಲ್ಲ ಅಂದೇ ಹೋಲ್ಸಿ ಕಾಂಬುಕೆ ನಮ್ಮನೆ ಆರ್ಸಿದ್ದ್."

"ಬಿಲ್ಲೆ ಸಣ್ಣದಿತ್ತ್ ಮಾರಾಯ್ತಿ."

"ಮಣ್ಣ್, ಬಾವಿ ನೀರ್, ಬಸಳೆ, ಹಾಲ್, ಎಲ್ಲ ಪರೀಕ್ಷೆಗೆ ತಕಂಡ್ ಹೋದ್ರ್. ಅದ್ ಕಂಡ್ ಊರವ್ರ್ ನಮ್ ಹಾಲ್ ತಕಂಬುದೇ ಬಿಟ್ರ್. ಹದಿನೈದ್ ದಿನದಿಂದ ಉಳ್ದ ಹಾಲಿನ ಮಜ್ಜಿಗೆ ಕುಡ್ದ್ ಸಾಕಾಯ್ತ್. ಇವತ್ತೇ ಅವ್ರಿಗೆ ಫೋನ್ ಮಾಡಿ ನಿಜ ಹೇಳಿ."

"ನಗಾಡ್ತ್ರ್."

"ಕಮಲಾಕ್ಷ," ನರ್ಸ್ ಕರೆದಳು.

ಗಂಡ ಎದ್ದಾಗ ಹೆಂಡತಿಯ ಕಣ್ಣು ಅವರ ಅಂಗಿಯ ಕಿಸೆಯ ಮೇಲೆ ಬಿತ್ತು.

"ಇದೆಂತ?"

"ಅವ್ರ್ ಮತ್ತೆ ತೂಗ್ಸಿದ ಹೊಸ ಬಿಲ್ಲೆ. ಎರಡೂ ಸಲ ಒಂದೇ ನಮೂನಿ ಬಂದ್ರೆ ಯಾರೂ ಕೇಳುದಿಲ್ಲ ಅಂದ್ಕಂಡೆ."

ಆಕೆ ಬಿಲ್ಲೆಯನ್ನು ಕಿತ್ತು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು.

"ಫೋನ್ ನಾನೇ ಮಾಡ್ತೆ," ಎಂದರು ಕಮಲಾಕ್ಷ. "ಆದ್ರೆ ಎರಡನೇದ್ ಯಾರಿಗೂ ಹೇಳ್ಬೇಡ."

"ಹೇಳುದಿಲ್ಲ. ಹೇಳಿರೂ ಯಾರೂ ನಂಬುದಿಲ್ಲ."

ಅವರು ಒಳಗೆ ಹೋದರು. ಆಕೆ ಸೆರಗಿನ ಗಂಟನ್ನು ಬಿಗಿಯಾಗಿ ಹಿಡಿದು, ಆಸ್ಪತ್ರೆಯ ಗೇಟು ದಾಟಿ ರಸ್ತೆಯ ಆಚೆ ಬದಿಗೆ ಹೋಗಿ ನಿಂತಳು.